ನವಿಲುಬಣ್ಣದ ಬೆಲ್‌ಬಾಟಮ್

ನಾನು ಒಂದು ಬೆಲ್‌ಬಾಟಮ್ ಪ್ಯಾಂಟು. ಎಪ್ಪತ್ತರ ದಶಕದಲ್ಲಿ, ಹುಬ್ಬಳ್ಳಿಯ ಮಕ್ತುಂಸಾಬರ ಹೊಲಿಗೆ ಅಂಗಡಿಯಲ್ಲಿ ಹುಟ್ಟಿದೆ. ನವಿಲುಬಣ್ಣದ ಟೆರಿಕಾಟ್ ಮೈ. ತೊಡೆಗೆ ಬಿಗಿ; ಮೊಣಕಾಲಿನಿಂದ ಕೆಳಗೆ ಬೀದಿ ಗುಡಿಸುವಷ್ಟು ಅಗಲ. ಆಗ ನಾಯಿಕಿವಿಯಂಥ ಕಾಲರು, ಅಂಗೈಯಗಲದ ಬೆಲ್ಟು, ದೊಡ್ಡ ದೊಡ್ಡ ಹೂವಿನ ಅಂಗಿಗಳ ಕಾಲ. ಮಕ್ತುಂಸಾಬರು ಸಿನಿಮಾ ಪೋಸ್ಟರಿನ ಮುಂದೆ ನಿಂತು, ಕಣ್ಣಲ್ಲೇ ಅಳತೆ ತೆಗೆದು ಬಂದು ಕತ್ತರಿ ಹಿಡಿಯುತ್ತಿದ್ದರು.

ನನ್ನನ್ನು ಹೊಲಿಸಿದವನು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ ಗುರುಸಿದ್ದ. ವೇದಿಕೆ ಹತ್ತಿದರೆ ಜನಕ್ಕೆ ಅವನ ಗತ್ತು ಕಾಣುತ್ತಿತ್ತು. ಮೊಣಕಾಲಿನ ನಡುಕ ನನಗೆ ಮಾತ್ರ ತಿಳಿಯುತ್ತಿತ್ತು. ಹಾಡು ಏರಿದಂತೆ ನಡುಕ ನಿಂತು, ಕಾಲು ತಾಳ ಹಾಕತೊಡಗುತ್ತಿತ್ತು.

ಗರಡಿಮನೆಯ ಫಕೀರಪ್ಪನಿಗೆ ನನ್ನನ್ನು ಕಂಡರಾಗದು. ಒಂದು ಮಧ್ಯಾಹ್ನ ಅವನೂ ಅವನ ಶಿಷ್ಯರೂ ಗುರುಸಿದ್ದನನ್ನು ನಡುಬೀದಿಯಲ್ಲಿ ಕೆಡವಿದರು.

"ಹೆಂಗಸರ ಲಂಗಾ ಹಾಕ್ಕೊಂಡು ಕುಣೀತಿಯೇನಲೇ? ಊರ ಮರ್ಯಾದಿ ಕಳೀತಿ?"

ಫಕೀರಪ್ಪನ ರೇಜರು ನನ್ನನ್ನು ಅಂಚಿನಿಂದ ಮೊಣಕಾಲಿನವರೆಗೆ ಸೀಳಿತು. ನನ್ನ ಜೊತೆ ಅವನ ಮೀನಖಂಡವೂ ಸೀಳಿತು. ಬಿಸಿ ರಕ್ತ ಎಳೆಎಳೆಗೂ ಇಳಿಯಿತು. ಅವನು ಕೂಗಿದ. ಕೂಗಿದ ಬಾಯಿಗೆ ಫಕೀರಪ್ಪ ಒದ್ದ. ದವಡೆ ಮುರಿದ ಸದ್ದು ನನಗೂ ಕೇಳಿಸಿತು. ಸುತ್ತ ನಿಂತವರು ನೋಡಿದರು. ಆಮೇಲೆ ಚೀಲ ಎತ್ತಿಕೊಂಡು ತಂತಮ್ಮ ದಾರಿ ಹಿಡಿದರು.

ದವಡೆ ಸೊಟ್ಟಗೆ ಕೂಡಿಕೊಂಡಿತು. ಗುರುಸಿದ್ದ ಮತ್ತೆ ಹಾಡಲಿಲ್ಲ.

ಅವನ ಅಕ್ಕ ಕಸ್ತೂರಿ ಎಷ್ಟು ತಿಕ್ಕಿದರೂ ನನ್ನ ಮೇಲಿನ ರಕ್ತದ ಕಲೆ ಹೋಗಲಿಲ್ಲ. ಕೊನೆಗೆ ನನ್ನನ್ನು ಮಕ್ತುಂಸಾಬರ ಮುಂದೆ ಹರವಿದಳು.

"ಚಾಚಾ, ಇದನ್ನ ನನ್ನ ಅಳತಿಗೆ ಹೊಲದು ಕೊಡ್ರಿ."

"ಬ್ಯಾಡ ಬೇಟಿ. ಅವರು ನಿನ್ನೂ ಬಿಡಂಗಿಲ್ಲ."

"ಬಿಡಬಾರದು ಅಂತನ ಹೊಲಸಾಕತ್ತೀನ್ರಿ."

ಸಾಬರು ಅವಳ ಅಳತೆ ತೆಗೆದು, ಸೀಳಿಗೆ ಕೆಂಪು ಬಟ್ಟೆಯ ತ್ರಿಕೋನ ಕೂಡಿಸಿದರು.

ಹಾಡಹಗಲೇ ಅವಳು ನನ್ನನ್ನು ತೊಟ್ಟು, ಒಲೆಯ ಕಬ್ಬಿಣದ ಊದುಗೊಳವೆ ಹಿಡಿದು ಗರಡಿಯ ಬಾಗಿಲಿಗೆ ಹೋದಳು. ಫಕೀರಪ್ಪ ನಕ್ಕ. ರೇಜರು ಬಿಚ್ಚಿ ನನ್ನತ್ತ ಬಗ್ಗಿದ. ಕೊಳವೆ ಅವನ ಮಣಿಕಟ್ಟಿನ ಮೇಲೆ ಬಿತ್ತು, ರೇಜರು ಹಾರಿತು. ಅವನು ಇನ್ನೊಂದು ಕೈಯಲ್ಲಿ ಅವಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಹಣೆಯಿಂದ ರಕ್ತ ಸುರಿಯುತ್ತಿದ್ದಂತೆಯೇ ಅವಳು ಅವನ ಮೊಣಕಾಲಿಗೆ ಬೀಸಿದಳು. ಅವನು ಬಿದ್ದ. ಬಿದ್ದ ಮೇಲೂ ಬೀಸಿದಳು. ಶಿಷ್ಯರು ಓಡಿದ್ದರು.

"ಹಾಡಲೇ! ನನ್ನ ತಮ್ಮ ಹಾಡತಿದ್ನಲ್ಲ, ಹಂಗ ಹಾಡು!"

ನನಗೆ ಭಯವಾದದ್ದು ಆಗ.

ಫಕೀರಪ್ಪ ಬದುಕಿದ, ಆದರೆ ಮತ್ತೆ ಕುಸ್ತಿಗಿಳಿಯಲಿಲ್ಲ. ಕಸ್ತೂರಿ ಜೈಲು ಕಂಡಳು. ಅವಳು ಹೊರಬರುವ ಹೊತ್ತಿಗೆ ಗರಡಿಯ ಹುಡುಗರೇ ಬೆಲ್‌ಬಾಟಮ್ ತೊಟ್ಟು ತಿರುಗುತ್ತಿದ್ದರು. ಅದನ್ನು ನೋಡಿ ಅವಳು ಬೀದಿಯಲ್ಲೇ ಕುಸಿದು ಕುಳಿತು ಅತ್ತಳು. ಹೊಡೆತ ತಿಂದಾಗಲೂ ಅತ್ತವಳಲ್ಲ.

ಆಮೇಲೆ ಕಿರಿದಾದ ಪ್ಯಾಂಟುಗಳು ಬಂದವು. ಕಸ್ತೂರಿ ನನ್ನನ್ನು ಕತ್ತರಿಸಿ ಹೊದೆಯುವ ಕೌದಿಗೆ ಸೇರಿಸಿದಳು. ಈಗ ನಾನು ಹಳೆ ಸೀರೆ, ಅಂಗಿಗಳ ಚೂರುಗಳ ನಡುವೆ ಒಂದು ಚೂರು. ಒಗೆದಾಗ ಕಟ್ಟೆಯ ಮೇಲೆ ಒಣಹಾಕುತ್ತಾರೆ. ಅಲ್ಲಿಂದ ದಾರಿಹೋಕರ ಕಾಲುಗಳನ್ನು ನೋಡುತ್ತೇನೆ. ಮೊನ್ನೆ ಒಬ್ಬ ಹುಡುಗಿ ಹೋದಳು. ಅವಳ ಪ್ಯಾಂಟು ಮೊಣಕಾಲಿನ ಬಳಿ ಉದ್ದಕ್ಕೆ ಹರಿದಿತ್ತು. ನನ್ನ ಎಳೆಗಳೆಲ್ಲ ಬಿಗಿದವು. ಕಣ್ಣಿಟ್ಟು ನೋಡಿದೆ: ಚರ್ಮಕ್ಕೆ ಗೀರೂ ಬಿದ್ದಿಲ್ಲ. ಅಂಗಡಿಯಿಂದಲೇ ಹಾಗೆ ಬಂದದ್ದಂತೆ, ಈಗಿನ ಫ್ಯಾಶನ್ನಂತೆ. ಅವಳು ನಗುತ್ತ, ಯಾರಿಗೂ ಹೆದರದೆ ತಿರುವು ದಾಟಿ ಹೋದಳು.