ಗಾರ್ಲಂಡ್ ಸ್ಟ್ರೌಡನ ಆತ್ಮರಕ್ಷಣೆ

ಬಂದೂಕಿನಂಗಡಿಗೆ ಬರುವ ಗಂಡಸರಲ್ಲಿ ಕೆಲವರು ಹೆದರಿಕೊಂಡು ಬರುತ್ತಾರೆ, ಮಿಕ್ಕವರು ತಮಗೆ ಹೆದರಿಕೆಯೇ ಇಲ್ಲವೆಂದು ತೋರಿಸಿಕೊಳ್ಳಲು ಬರುತ್ತಾರೆ. ಹೆದರಿದವರಿಗೆ ಬುದ್ಧಿ ಹೇಳಬಹುದು. ಇನ್ನುಳಿದವರಿಗೆ ನಾನು ಬಿಲ್ಲು ಬರೆದುಕೊಟ್ಟು ಸುಮ್ಮನಾಗುತ್ತೇನೆ. ಗಾರ್ಲಂಡ್ ಸ್ಟ್ರೌಡ್ ಈ ಎರಡನೆಯ ಜಾತಿಯವನು.

ಮಿಸೌರಿಯ ಕ್ಲೇಫೋರ್ಕ್ ಊರಿನಲ್ಲಿ ಬಾಯ್ಡ್‌ನ ಅಂಗಡಿಯ ಕೌಂಟರಿನ ಹಿಂದೆ ನಾನು ನಿಂತು ಇಪ್ಪತ್ತೆರಡು ವರ್ಷವಾಯಿತು. ನನ್ನ ಹೆಸರು ಓರ್ಲೀನ್. ಶನಿವಾರ ಬೆಳಿಗ್ಗೆ ಹಿಂದಿನ ಅಂಗಳದಲ್ಲಿ ಹೊಸದಾಗಿ ಬಂದೂಕು ಕೊಂಡವರಿಗೆ ಪುಕ್ಕಟೆ ಪಾಠವನ್ನೂ ಹೇಳಿಕೊಡುತ್ತೇನೆ. ಹತ್ತು ಜನ ಕೊಂಡರೆ ಪಾಠಕ್ಕೆ ಒಬ್ಬರು ಬರುತ್ತಾರೆ. ಉಳಿದವರಿಗೆ ವಿದ್ಯೆ ಪೆಟ್ಟಿಗೆಯ ಜೊತೆಯಲ್ಲೇ ಬಂದಿರುತ್ತದೆ.

ಗಾರ್ಲಂಡ್ ಟ್ರ್ಯಾಕ್ಟರ್ ಶೋರೂಮಿನ ಮ್ಯಾನೇಜರಾಗಿದ್ದು ನಿವೃತ್ತನಾದವನು. ಗಾಲ್ಫ್ ಮೈದಾನದ ಪಕ್ಕದ ಹೊಸ ಬಡಾವಣೆಯಲ್ಲಿ ಮನೆ ಮಾಲೀಕರ ಸಂಘದ ಅಧ್ಯಕ್ಷ. ಯಾರ ಮನೆ ಮುಂದಿನ ಹುಲ್ಲು ಎಷ್ಟು ಎತ್ತರ ಬೆಳೆದಿದೆಯೆಂದು ಅಳತೆಪಟ್ಟಿ ಹಿಡಿದು ನೋಡುವುದೇ ಅವನ ಘನಕಾರ್ಯ. ಏಪ್ರಿಲಿನಲ್ಲಿ ಅವನ ಮನೆಯಿಂದ ಮೂರನೆಯ ಮನೆಯವರು ಗ್ಯಾರೇಜಿನ ಬಾಗಿಲು ತೆರೆದಿಟ್ಟು ಊರಿಗೆ ಹೋಗಿದ್ದರು. ಅಂಗಳದ ತರಗೆಲೆ ಊದಿ ಗುಡ್ಡೆಹಾಕುವ ಯಂತ್ರವನ್ನು ಯಾರೋ ಎತ್ತಿಕೊಂಡು ಹೋದರು. ಮರುದಿನ ಗಾರ್ಲಂಡ್ ತನ್ನ ಹೆಂಡತಿ ಲೆಟಾಳನ್ನು ಕರೆದುಕೊಂಡು ಅಂಗಡಿಗೆ ಬಂದ, ಯುದ್ಧ ಸಾರಿದವನ ಹಾಗೆ.

"ಮನೆಗೂ ಆಗ್ಬೇಕು, ಸೊಂಟಕ್ಕೂ ಆಗ್ಬೇಕು. ಒಳ್ಳೇದು ತೋರ್ಸು" ಎಂದ.

"ಮನೇಲಿ ಯಾರ್ಯಾರಿದೀರಿ? ನೀವು ಮಲಗೋ ಕೋಣೆ ಗೋಡೆ ಆಚೆ ಏನಿದೆ? ಬಂದೂಕು ಎಲ್ಲಿಡ್ತೀರಿ?" ಎಂದು ಎಲ್ಲರನ್ನೂ ಕೇಳುವ ಹಾಗೆ ಕೇಳಿದೆ.

"ನೀನೇನು ಜನಗಣತಿಯವಳೇನಮ್ಮ? ಬಂದೂಕು ತೋರ್ಸು ಅಂದ್ರೆ ಮನೆ ವಿಚಾರ ಕೇಳ್ತೀಯಲ್ಲ."

ಗಾಜಿನ ಕೆಳಗಿದ್ದವುಗಳಲ್ಲಿ ಅತಿ ದೊಡ್ಡ ಪಿಸ್ತೂಲಿಗೇ ಬೆರಳು ತೋರಿಸಿದ. ಅದನ್ನು ಲೆಟಾಳ ಕೈಗೂ ಕೊಟ್ಟು, ಮೇಲಿನ ಭಾಗವನ್ನು ಹಿಂದಕ್ಕೆ ಎಳೆಯಲು ಹೇಳಿದ. ಅವಳು ಬೆರಳ ತುದಿಯಲ್ಲಿ ಹಿಡಿದು ಎಳೆದಳು, ಅದು ಜಗ್ಗಲಿಲ್ಲ.

"ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ತೆಗ್ಯೋಕೂ ನನ್ನೇ ಕೂಗ್ತಾಳೆ ಇವಳು" ಎಂದು ಗಾರ್ಲಂಡ್ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ನಕ್ಕ.

ನಾನು ಅವಳ ಬಳಿ ಹೋಗಿ, "ಎಳೀಬೇಡಿ. ಎಡಗೈಲಿ ಮೇಲಿಂದನ್ನ ಗಟ್ಟಿಯಾಗಿ ಹಿಡ್ಕೊಳಿ, ಬಲಗೈಲಿ ಹಿಡಿಕೇನ ಮುಂದಕ್ಕೆ ನೂಕಿ" ಎಂದೆ. ಅವಳು ನೂಕಿದಳು. ಅದು ಸರಾಗವಾಗಿ ತೆರೆದುಕೊಂಡಿತು. ಲೆಟಾ ತಲೆಯೆತ್ತಿ ನನ್ನನ್ನು ನೋಡಿದಳು. ಗಾರ್ಲಂಡ್ ಆಗಲೇ ಗುಂಡಿನ ಕಪಾಟಿನ ಕಡೆ ತಿರುಗಿದ್ದ.

ಗುಂಡುಗಳನ್ನೂ ಅವನು ಡಬ್ಬಿಯ ಚಿತ್ರ ನೋಡಿ ಆರಿಸಿದ. ತಲೆಬುರುಡೆ ಇದ್ದದ್ದು ಅವನಿಗೆ ಹಿಡಿಸಿತು. ಇದು ನಿಮ್ಮ ಮನೆಯ ತೆಳು ಗೋಡೆಯನ್ನು ದಾಟಿ ಪಕ್ಕದ ಮನೆಯವರ ಊಟದ ಮೇಜಿನ ಮೇಲೆ ಹೋಗಿ ಬೀಳುತ್ತದೆ, ಮೈಗೆ ತಗುಲಿದರೆ ಅರಳಿಕೊಂಡು ಅಲ್ಲೇ ನಿಲ್ಲುವಂಥದ್ದು ಬೇರೆ ಇದೆ ಎಂದೆ. ಕೇಳಿಸಿಕೊಳ್ಳಲಿಲ್ಲ. ಪಿಸ್ತೂಲಿಗೊಂದು ದೀಪ, ಕೆಂಪು ಚುಕ್ಕೆ ಬೀಳಿಸುವ ಲೇಸರು, ಕತ್ತಲಲ್ಲಿ ಹೊಳೆಯುವ ಗುರಿಕಡ್ಡಿ, ತೋಟಾ ತುಂಬುವ ಪೆಟ್ಟಿಗೆ ಆರು. ಬೀಗವಿರುವ ಚಿಕ್ಕ ತಿಜೋರಿ ತೋರಿಸಿದೆ, "ಕಳ್ಳ ಬಂದಾಗ ಬೀಗದ ಕೈ ಹುಡುಕ್ತಾ ಕೂತಿರ್ಲಾ?" ಎಂದ.

ಇಷ್ಟೆಲ್ಲ ಕೊಂಡವನು ಪಿಸ್ತೂಲನ್ನು ಸೊಂಟದಲ್ಲಿಟ್ಟುಕೊಳ್ಳುವ ಒರೆಯನ್ನು ಮಾತ್ರ ಬಾಗಿಲ ಬಳಿಯ ಬುಟ್ಟಿಯಿಂದ ಹೆಕ್ಕಿದ. ರಿಯಾಯಿತಿ ಬುಟ್ಟಿ ಅದು. ಮೆತ್ತನೆಯ ಕಂದು ಚರ್ಮದ ಒರೆ, ನೋಡಲು ಚೆಂದ.

"ಅದು ಬೇಡ" ಎಂದೆ. "ಅದರ ಬಾಯಿ ಮೆತ್ತಗಿದೆ. ಅಂಚು ಒಳಗೆ ಮಡಚ್ಕೊಂಡ್ರೆ ಟ್ರಿಗರ್‌ಗೆ ಸಿಕ್ಕಾಕ್ಕೊಳತ್ತೆ. ಬೆರಳು ಹೊರಗಿದ್ರೂ ಚರ್ಮವೇ ಒತ್ತಿಬಿಡತ್ತೆ. ಈ ಗಟ್ಟಿ ಅಚ್ಚಿನದು ತಗೊಳಿ."

"ಅದು ಹೊಟ್ಟೆಗೆ ಚುಚ್ಚತ್ತೆ."

"ಹೊಟ್ಟೆಗೆ ಚುಚ್ಚೋದು ವಾಸಿ."

"ನೋಡಮ್ಮ, ಹನ್ನೆರಡನೇ ವಯಸ್ಸಿಂದ ಜಿಂಕೆ ಹೊಡೀತಿದೀನಿ. ನಂಗೆ ಹೇಳ್ಕೊಡ್ಬೇಡ."

"ಜಿಂಕೆ ಹೊಡ್ಯೋ ಕೋವೀನ ಯಾರೂ ಚಡ್ಡಿ ಒಳಗೆ ಸಿಕ್ಕಿಸ್ಕೊಳಲ್ಲ."

ಪಕ್ಕದಲ್ಲಿದ್ದ ಒಬ್ಬ ನಕ್ಕ. ಗಾರ್ಲಂಡನ ಕಿವಿ ಕೆಂಪಾಯಿತು. ಹಿಂದಿನ ಕೋಣೆಯ ಬಾಗಿಲಲ್ಲಿ ಬಾಯ್ಡ್ ನಿಂತು, ಸಾಕು ಮಾಡು ಎಂದು ನನಗೆ ಹುಬ್ಬಿನಲ್ಲೇ ಸನ್ನೆ ಮಾಡಿದ. ನಾನು ಆ ಒರೆಯನ್ನು ಚೀಲಕ್ಕೆ ಹಾಕಿದೆ. ಹಾಕಿದವಳು ನಾನೇ, ಅದನ್ನು ಮುಚ್ಚಿಟ್ಟು ಈ ಕತೆ ಹೇಳುವುದಿಲ್ಲ.

ಶನಿವಾರದ ಪಾಠಕ್ಕೆ ಗಾರ್ಲಂಡ್ ಬರಲಿಲ್ಲ. ಲೆಟಾ ಬಂದಳು. ಮೂರು ಶನಿವಾರ ಬಂದು, ಚಿಕ್ಕ ರಿವಾಲ್ವರಿನಲ್ಲಿ ಗುರಿಯಿಟ್ಟು, ಕಾಗದದ ಮೇಲೆ ಒಂದು ಅಂಗೈಯಗಲದಲ್ಲಿ ಐದೂ ಗುಂಡು ಕೂರಿಸಿದಳು. ಇದನ್ನೇ ಕೊಳ್ಳುತ್ತೀರಾ ಎಂದು ಕೇಳಿದೆ. "ಬೇಡ ಓರ್ಲೀನ್. ನಮ್ಮನೇಲಿ ಈಗಿರೋದೇ ಹೆಚ್ಚಾಗಿದೆ" ಎಂದಳು. ಬಾಗಿಲು ಭದ್ರವಾಗಲು ಏನು ಮಾಡಬೇಕೆಂದು ಕೇಳಿದಳು. ಚಿಲಕದ ತಗಡಿಗೆ ಮೂರಿಂಚಿನ ಸ್ಕ್ರೂ ಹಾಕಿಸಿ, ಅಂಗಳಕ್ಕೆ ಯಾರಾದರೂ ಬಂದರೆ ತಾನಾಗಿ ಹತ್ತುವ ದೀಪ ಹಾಕಿಸಿ ಎಂದೆ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸ್ಕ್ರೂ ತಂದು ಅವಳೇ ಹಾಕಿದಳಂತೆ.

ಜೂನ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಆಂಬುಲೆನ್ಸ್ ಬಡಾವಣೆಯ ಕಡೆ ಓಡಿತು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು: ಗಾರ್ಲಂಡನ ಮನೆಗೆ ಹಾಡಹಗಲೇ ಕಳ್ಳ ನುಗ್ಗಿದ್ದ, ಅಡುಗೆಮನೆಯಲ್ಲಿ ಇಬ್ಬರೂ ಕೈಕೈ ಮಿಲಾಯಿಸಿದ್ದರು, ಕಳ್ಳ ಅವನ ಪಿಸ್ತೂಲು ಕಿತ್ತುಕೊಂಡು ತೊಡೆಗೆ ಹೊಡೆದು, ಅಲ್ಲೇ ಬಿಸಾಕಿ ಓಡಿದ್ದ. ಬೂದು ಬಣ್ಣದ ಅಂಗಿ, ತಲೆಯ ಮೇಲೆ ಅದರದೇ ಟೊಪ್ಪಿಗೆ, ಕಪ್ಪು ಮೀಸೆ. ಗುಂಡು ಮಾಂಸದಲ್ಲಿ ಹೊಕ್ಕು ಹೊರಬಂದಿತ್ತು, ಜೀವಕ್ಕೆ ಅಪಾಯವಿರಲಿಲ್ಲ.

ಮರುದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿರುಗಾಳಿಗೆ ಮುಂಚೆ ಬ್ರೆಡ್ಡು ಹಾಲು ಕೊಳ್ಳುವ ಹಾಗೆ ಜನ ಬಂದೂಕು ಕೊಂಡರು. "ಗಾರ್ಲಂಡ್‌ನಂಥೋನಿಗೇ ಹಿಂಗಾದ್ರೆ ನಮ್ಮ ಗತಿಯೇನು" ಎಂದು ಒಬ್ಬೊಬ್ಬರೂ ಹೇಳಿದರು. ಗಾರ್ಲಂಡನಂಥವನು ಎಂದರೆ ಎಂಥವನು ಎಂದು ಒಬ್ಬರೂ ಕೇಳಲಿಲ್ಲ. ಮೆತ್ತನೆ ಒರೆಗಳ ಬುಟ್ಟಿ ಮಧ್ಯಾಹ್ನದೊಳಗೆ ಖಾಲಿಯಾಯಿತು. ಬಾಯ್ಡ್ ಸಿಳ್ಳೆ ಹಾಕುತ್ತಾ ಓಡಾಡಿದ.

ನನಗೆ ಆ ಟೊಪ್ಪಿಗೆ ಅಂಗಿಯ ಮಾತು ಗಂಟಲಲ್ಲಿ ಇಳಿಯಲಿಲ್ಲ. ಆ ವಾರದ ಸೆಕೆಯಲ್ಲಿ ನಾಯಿಗಳು ಕೂಡ ಕಾರಿನ ಅಡಿಯಿಂದ ಹೊರಗೆ ಬರುತ್ತಿರಲಿಲ್ಲ. ಅಂಥ ಬಿಸಿಲಲ್ಲಿ, ಮೈ ಸುಡದಿರಲೆಂದು, ತಲೆ ಮುಚ್ಚುವ ಉದ್ದತೋಳಿನ ಅಂಗಿ ತೊಡುವವರು ಚಾವಣಿ ಹೊದಿಸುವ ಕೆಲಸದವರು ಮಾತ್ರ. ಗಾರ್ಲಂಡನ ಎದುರು ಸಾಲಿನಲ್ಲಿ ಆ ವಾರ ಒಂದು ಮನೆಗೆ ಚಾವಣಿ ಹೊದಿಸುತ್ತಿದ್ದರು. ಬುಧವಾರ ಸಂಜೆ ಆ ತಂಡದ ಎಲಿಸೆಯೊ ಎಂಬವನನ್ನು ಪೊಲೀಸರು ಏಣಿಯಿಂದ ಇಳಿಸಿ ಕರೆದೊಯ್ದರು. ಅವನು ಊರಿಗೆ ಬಂದು ಒಂಬತ್ತು ವರ್ಷ, ಇಬ್ಬರು ಹೆಣ್ಣುಮಕ್ಕಳು. ಆಸ್ಪತ್ರೆಯ ಹಾಸಿಗೆಯಲ್ಲಿ ಒರಗಿಕೊಂಡು ಗಾರ್ಲಂಡ್ ಫೋಟೋ ನೋಡಿ, "ಇವನೇ ಅನ್ಸತ್ತೆ" ಎಂದ. ಒಬ್ಬ ಮನುಷ್ಯನನ್ನು ಜೈಲಿಗೆ ತಳ್ಳಲು ಆ 'ಅನ್ಸತ್ತೆ' ಎಂಬ ಒಂದು ಮಾತು ಸಾಕಾಯಿತು.

ಶುಕ್ರವಾರ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆರೆಯುವ ಮೊದಲೇ ಲೆಟಾ ಮೆಟ್ಟಿಲ ಮೇಲೆ ಕೂತಿದ್ದಳು. ತೊಡೆಯ ಮೇಲೆ ತರಕಾರಿ ತರುವ ಕಾಗದದ ಚೀಲ. ಒಳಗೆ ಬಂದು ಅದನ್ನು ಕೌಂಟರಿನ ಮೇಲಿಟ್ಟಳು.

"ಇದನ್ನ ನೋಡಿ ಏನಾಗಿದೆ ಅಂತ ಹೇಳ್ತೀರಾ?"

ಚೀಲದೊಳಗೆ ಕಂದು ಚರ್ಮದ ಒರೆ. ಬಾಯಿಯ ಅಂಚು ಒಳಕ್ಕೆ ಮಡಚಿಕೊಂಡು ಹಾಗೇ ನಿಂತಿತ್ತು, ಮಡಿಕೆಯ ಮೇಲೆ ಟ್ರಿಗರ್ ಒತ್ತಿದ, ಉಗುರಿನಷ್ಟು ಉದ್ದದ ಗುರುತು. ತಳದಲ್ಲಿ ಸುಟ್ಟ ತೂತು. ಮೂಸಿ ನೋಡಿದೆ, ಮದ್ದಿನ ವಾಸನೆ ಇನ್ನೂ ಇತ್ತು.

"ಏನಾಗಿದೆ ಅಂತ ನಿಮಗೇ ಗೊತ್ತಿದೆ ಲೆಟಾ."

"ಗೊತ್ತಿದೆ. ಇನ್ನೊಬ್ಬರ ಬಾಯಲ್ಲಿ ಕೇಳ್ಬೇಕಿತ್ತು."

"ಒಳಗೆ ಸಿಕ್ಕಿಸ್ಕೊಳುವಾಗ ಹಾರಿದೆ. ಯಾರೂ ಕಿತ್ಕೊಂಡಿಲ್ಲ, ಯಾರೂ ಬಂದಿಲ್ಲ."

ಅವಳು ನಿಂತೇ ಇದ್ದಳು. ಕುರ್ಚಿ ಎಳೆದುಕೊಟ್ಟೆ, ಕೂರಲಿಲ್ಲ.

"ದಿನಾ ಊಟ ಆದ್ಮೇಲೆ ನಿಲುಗನ್ನಡಿ ಮುಂದೆ ನಿಂತ್ಕೊಂಡು ಅದನ್ನ ತೆಗ್ಯೋದು ಇಡೋದು ಮಾಡ್ತಿದ್ರು" ಎಂದಳು. "ನಾನು ಟೊಮ್ಯಾಟೊ ಗಿಡಕ್ಕೆ ನೀರು ಹಾಕ್ತಿದ್ದೆ. ಸದ್ದು ಕೇಳಿ ಓಡಿದ್ರೆ, ಮಲಗೋ ಕೋಣೇಲಿ ಬಿದ್ದಿದ್ರು. ಮೊದಲನೇ ಮಾತೇನು ಗೊತ್ತಾ? ಡಾಕ್ಟರ್‌ನ ಕರಿ ಅನ್ಲಿಲ್ಲ. ಒರೇನ ಕಸಕ್ಕೆ ಹಾಕು ಅಂದ್ರು. ಅಡುಗೆಮನೆಗೆ ತೆವಳ್ಕೊಂಡು ಹೋದ್ರು. ನಾನು ಕೋಣೇಲೂ ದಾರೀಲೂ ರಕ್ತ ಒರೆಸ್ದೆ, ರಗ್ಗು ಎಳ್ದು ಮುಚ್ಚಿದೆ, ಆಮೇಲೆ ಫೋನ್ ಮಾಡ್ದೆ."

"ಪೊಲೀಸಿನವರಿಗೆ ಏನಂದ್ರಿ?"

"ತೋಟದಲ್ಲಿದ್ದೆ, ಯಾರನ್ನೂ ನೋಡ್ಲಿಲ್ಲ ಅಂದೆ. ಅದು ನಿಜಾನೇ ಓರ್ಲೀನ್."

"ನಿಜಾನೇ. ಅರ್ಧ ನಿಜ."

"ಅವರ ಮಾನ ಉಳೀಲಿ ಅಂತ ಮಾಡ್ದೆ. ನಲವತ್ತೊಂದು ವರ್ಷದಿಂದ ಅದೇ ಕೆಲಸ ನಂದು. ಕಳ್ಳನ ಕತೆ ಎರಡು ದಿನ ಹೇಳ್ಕೊಂಡು ಸುಮ್ನಾಗ್ತಾರೆ ಅಂದ್ಕೊಂಡೆ. ಕಿಟಕೀಲಿ ಕಂಡ ಮನುಷ್ಯನ್ನ ತಂದು ಕತೆಯೊಳಗೆ ಹಾಕ್ತಾರೆ ಅಂತ ನಂಗೆ ಹೊಳೀಲಿಲ್ಲ." ಅವಳು ಖಾಲಿ ಚೀಲವನ್ನು ಮಡಚತೊಡಗಿದಳು. "ಸೋಮವಾರ ಆ ಮನುಷ್ಯ ನಮ್ಮನೆ ನಲ್ಲೀಲಿ ನೀರು ಕೇಳ್ದ. ನಾನು ಐಸ್ ಹಾಕಿ ಕೊಟ್ಟಿದ್ದೆ."

ಆ ಹೊತ್ತಿಗೆ ಬಾಯ್ಡ್ ಹಿಂದಿನ ಬಾಗಿಲಿಂದ ಬಂದು ಒರೆಯನ್ನು ನೋಡಿದ. ಬುದ್ಧಿವಂತ; ಏನನ್ನೂ ಕೇಳಬೇಕಾಗಲಿಲ್ಲ.

"ಓರ್ಲೀನ್, ಇದರಲ್ಲಿ ಅಂಗಡಿ ಹೆಸರು ಬರೋದು ಬೇಡ."

"ಒರೆ ಒಳಗಡೆ ನಿನ್ನ ಅಂಗಡಿ ಬೆಲೆಚೀಟಿ ಅಂಟ್ಕೊಂಡಿದೆ ಬಾಯ್ಡ್. ನಾನು ಬರ್ಸೋದೇನೂ ಉಳಿದಿಲ್ಲ" ಎಂದು ಟ್ರಕ್ಕಿನ ಕೀಲಿ ತೆಗೆದುಕೊಂಡೆ.

ಶೆರಿಫ್ ಕಚೇರಿಗೆ ನಾವಿಬ್ಬರೂ ಹೋದೆವು. ಟೆರಿಲ್ ಎಂಬ ಅಧಿಕಾರಿ ಆ ಪ್ರಕರಣ ನೋಡುತ್ತಿದ್ದ. ಒರೆಯನ್ನು ಅವನ ಮೇಜಿನ ಮೇಲಿಟ್ಟು, ಗುಂಡು ತೊಡೆಯಲ್ಲಿ ಮೇಲಿಂದ ಕೆಳಕ್ಕೆ ಹೋಗಿದೆಯೋ ಇಲ್ಲವೋ ಎಂದು ಕೇಳಿದೆ. ಅವನು ಆಸ್ಪತ್ರೆಯ ಕಾಗದ ತಿರುವಿ ಹಾಕಿದ, ಹಾಗೆಯೇ ಬರೆದಿತ್ತು. ಎದುರು ನಿಂತು ಹೊಡೆದವನ ಗುಂಡು ಸೊಂಟದಿಂದ ಮಂಡಿಯ ಕಡೆಗೆ ಇಳಿಯುವುದು ಹೇಗೆಂದು ಮೂರು ದಿನದಿಂದ ಯಾರೂ ಕೇಳಿಕೊಂಡಿರಲಿಲ್ಲ.

"ಮಲಗೋ ಕೋಣೇಲಿ ರಗ್ಗು ಎತ್ತಿ ನೋಡಿ. ಗುಂಡು ನೆಲದ ಹಲಗೇಲೇ ಇದೆ" ಎಂದಳು ಲೆಟಾ.

"ಮೇಡಂ, ಇದನ್ನ ಹೇಳಿದ್ರೆ ನಿಮ್ಮ ಮೇಲೂ ಕೇಸಾಗ್ಬಹುದು."

"ಆಗ್ಲಿ. ಬರ್ಕೊಳಿ."

ಗುಂಡು ಅಲ್ಲೇ ಇತ್ತು. ಸಂಜೆ ಐದಕ್ಕೆ ಎಲಿಸೆಯೊನನ್ನು ಬಿಟ್ಟರು. ಅಷ್ಟರಲ್ಲಿ ಕಂಟ್ರಾಕ್ಟರ್ ಅವನ ಜಾಗಕ್ಕೆ ಬೇರೆಯವನನ್ನು ಹಾಕಿಕೊಂಡಾಗಿತ್ತು. ಭಾನುವಾರ ಲೆಟಾ ಅವನ ಮನೆಗೆ ಕ್ಷಮೆ ಕೇಳಲು ಹೋದಳು. ಜೊತೆಗೆ ಬಾ ಎಂದು ನನ್ನನ್ನು ಕರೆದಳು. ಅವನ ಹೆಂಡತಿ ಬಾಗಿಲನ್ನು ಅರ್ಧ ತೆರೆದು, ಲೆಟಾಳ ಮಾತನ್ನು ಕೊನೆಯವರೆಗೂ ಕೇಳಿದಳು. ನನ್ನ ಕಡೆ ತಿರುಗಿ, "ನೀವ್ಯಾರು?" ಎಂದಳು. "ಅದನ್ನ ಮಾರಿದವಳು" ಎಂದೆ. ಅವಳು ಇಬ್ಬರನ್ನೂ ನೋಡಿ, "ಆಯ್ತು, ಕೇಳಿಸ್ಕೊಂಡೆ" ಎಂದು ಬಾಗಿಲು ಹಾಕಿದಳು. ಅವಳ ಜಾಗದಲ್ಲಿ ನಾನಿದ್ದರೆ ಅರ್ಧವನ್ನೂ ತೆರೆಯುತ್ತಿರಲಿಲ್ಲ.

ಗಾರ್ಲಂಡ್ ಕೋರ್ಟಿನಲ್ಲಿ ನೋವಿನ ಮಾತ್ರೆಯಿಂದ ತಲೆ ಮಂಕಾಗಿತ್ತೆಂದ. ಸುಳ್ಳು ದೂರು ಕೊಟ್ಟಾಗ ಅವನು ಇನ್ನೂ ಒಂದು ಮಾತ್ರೆಯನ್ನೂ ನುಂಗಿರಲಿಲ್ಲವೆಂದು ನ್ಯಾಯಾಧೀಶೆ ತೋರಿಸಿಕೊಟ್ಟರು. ದಂಡ, ಎರಡು ವರ್ಷ ಕೋರ್ಟಿನ ನಿಗಾ, ಅದು ಮುಗಿಯುವವರೆಗೆ ಬಂದೂಕು ಮುಟ್ಟಕೂಡದು. ಲೆಟಾಳ ಮೇಲೆ ಕೇಸು ಹಾಕಲಿಲ್ಲ. ಅವಳು ಎರಡು ಪೆಟ್ಟಿಗೆ ಕಟ್ಟಿಕೊಂಡು ತಂಗಿಯ ಮನೆಗೆ ಹೋದಳು. ಮನೆ ಮಾಲೀಕರ ಸಂಘ ತುರ್ತು ಸಭೆ ಸೇರಿ, ಕಷ್ಟಕಾಲದಲ್ಲಿ ಕೈಬಿಡಬಾರದೆಂದು ಗಾರ್ಲಂಡನನ್ನೇ ಅಧ್ಯಕ್ಷನಾಗಿ ಮುಂದುವರಿಸಿತು.

ಆ ಮೂರು ದಿನ ಬಂದೂಕು ಕೊಂಡವರಲ್ಲಿ, ಕಳ್ಳನೇ ಇರಲಿಲ್ಲವೆಂದು ಗೊತ್ತಾದ ಮೇಲೂ ಒಬ್ಬರೂ ಹಿಂದಕ್ಕೆ ತರಲಿಲ್ಲ. ಮೆತ್ತನೆ ಒರೆ ಕೊಂಡವರಿಗೆಲ್ಲ ನಾನು ಫೋನ್ ಮಾಡಿ, ಬದಲಾಯಿಸಿಕೊಡುತ್ತೇನೆ ಬನ್ನಿ ಎಂದೆ. ಇಪ್ಪತ್ತಾರು ಜನರಲ್ಲಿ ನಾಲ್ವರು ಬಂದರು. ಒಬ್ಬ, "ಗಾರ್ಲಂಡ್ ದಡ್ಡ, ನಾನಲ್ಲ" ಎಂದು ಫೋನಿಟ್ಟ.

ಅಕ್ಟೋಬರಿನಿಂದ ಗಾರ್ಲಂಡ್ ಕೋಲೂರಿಕೊಂಡು ಮತ್ತೆ ಅಂಗಡಿಗೆ ಬರತೊಡಗಿದ್ದಾನೆ. ಮುಟ್ಟುವಂತಿಲ್ಲ, ಆದ್ದರಿಂದ ಗಾಜಿಗೆ ಒರಗಿ ನಿಂತು ಹೊಸದಾಗಿ ಕೊಳ್ಳಲು ಬಂದವರಿಗೆ ಸಲಹೆ ಕೊಡುತ್ತಾನೆ. "ಮನೆ ಕಾಪಾಡ್ಕೊಳೋದು ಅಂದ್ರೆ ಹುಡುಗಾಟ ಅಲ್ಲ ಕಣಯ್ಯ, ಗುಂಡೇಟು ತಿಂದೋನು ಹೇಳ್ತಿದೀನಿ ಕೇಳು" ಎನ್ನುತ್ತಾನೆ. ಅವರು ಅವನ ಕಾಲು ನೋಡಿ, ಗೌರವದಿಂದ ತಲೆಯಾಡಿಸಿ, ಅವನು ಬೆರಳು ತೋರಿಸಿದ್ದನ್ನೇ ಕೊಳ್ಳುತ್ತಾರೆ. ಅವನಿಂದ ವ್ಯಾಪಾರ ಹೆಚ್ಚಿದೆಯೆಂದು ಬಾಯ್ಡ್ ಅವನಿಗೆ ಕುರ್ಚಿ ಹಾಕಿಸಿದ್ದಾನೆ.