ಕೇಬಲ್ಲಿನ ಮೂಲೆ

ಟಿಕ್ — ಅವಳ ಮೂಲೆಯ ಕೇಬಲ್ಲು ಬೇರೆ ಲ್ಯಾಪ್‌ಟಾಪಿಗೆ ಕೂತ ಸದ್ದು, ಉಗುರು ಮುರಿದಷ್ಟು ಸಣ್ಣದು, ಆದರೂ ಕೇಳಿಸಿತು, ಇಂಥವು ಅವಳಿಗೆ ಕೇಳಿಸದೆ ಇರುವುದುಂಟೇ, ಸ್ವಲ್ಪ ಎದ್ದೇಳಿ ಮೇಡಂ ಎಂದು ಅವಳನ್ನು ಎಬ್ಬಿಸಿ ಅವಳ ಕುರ್ಚಿಯಲ್ಲೇ ಕೂತಿದ್ದಾನೆ ಕಚೇರಿಯ ಯಂತ್ರಗಳನ್ನು ನೋಡಿಕೊಳ್ಳುವ ಕಂಪ್ಯೂಟರಣ್ಣ, ಗೋಡೆಗೆ ಮುಖ, ಲೋಕಕ್ಕೆ ಬೆನ್ನು, ಈ ಅನುವಾದದ ಕಚೇರಿಯಲ್ಲಿ ವೈಫೈ ಇಲ್ಲದವರು ಕೂರುವುದೇ ಹಾಗೆ, ಇರುವ ಒಂದು ಕೇಬಲ್ಲಿಗೆ ಕಟ್ಟಿಹಾಕಿದ ಕರುವಿನಂತೆ — ಇಷ್ಟು ದಿನ ಅವಳು ಕೂತಿದ್ದಳು, ಅವನು ಹಿಂದಿನಿಂದ ಬಗ್ಗಿ ಬಗ್ಗಿ ಅವಳ ಪರದೆ ಓದುತ್ತಿದ್ದ, ಏನು ಮೇಡಂ ಇವತ್ತಾದ್ರೂ ನೋಡ್ಕೊಂಡು ಒತ್ತುತಾ ಇದೀರಾ, ಆ ಉಸಿರು ಅವಳ ಕತ್ತಿನ ಹಿಂಬದಿಗೆ ತಾಗುತ್ತಿತ್ತು, ಮನೆಗೆ ಹೋಗಿ ಸೋಪು ಹಚ್ಚಿ ಉಜ್ಜಿದರೂ ಹೋಗುತ್ತಿರಲಿಲ್ಲ. ಮಾಡಿದ್ದಾದರೂ ಏನು ಅವಳು, ಹೊಸ ಆವೃತ್ತಿ ಬಂದಿದೆ, ಹಾಕಲೇ ಎಂದು ಲ್ಯಾಪ್‌ಟಾಪನ್ನು ನಡೆಸುವ ಲಿನಕ್ಸೇ ಕೇಳಿತ್ತು, ಎರಡು ಸಲ ಓದಿ ಹೂಂ ಅಂದಿದ್ದಳು, ಮತ್ತೆ ತೆರೆದರೆ ವೈಫೈ ಗುರುತೇ ಮಾಯ. ಏನೇನೋ ಒತ್ತಿ ವೈಫೈ ಕಾರ್ಡೇ ಸುಟ್ಟುಬಿಟ್ಟಿದಾರೆ ಸಾರ್, ಇವರಿಗೆ ಪೆನ್ನು ಕಾಗದನೇ ಸರಿ ಅಂದ ಅವನು — ಯಜಮಾನರು ನಕ್ಕರು, ಆ ನಗುವಿನ ಜೊತೆಗೇ ಅವಳಿಗೆ ಬರಬೇಕಿದ್ದ ದೊಡ್ಡ ಕಾದಂಬರಿ ಪಕ್ಕದ ಮೇಜಿಗೆ ಹೋಯಿತು, ನೀವು ಔಷಧಿ ಚೀಟಿ ಅನುವಾದ ಮಾಡ್ತಾ ಇರಿ ಅಮ್ಮ, ಸಾಕು, ಊಟದ ನಂತರ ಸೇವಿಸಿ, ಮಕ್ಕಳ ಕೈಗೆ ಸಿಗದಂತೆ ಇಡಿ, ತಂಪಾದ ಜಾಗದಲ್ಲಿ ಇಡಿ, ಇಟ್ಟಿದ್ದಾಳೆ, ಸಿಟ್ಟನ್ನು ತಂಪಾದ ಜಾಗದಲ್ಲೇ ಇಟ್ಟಿದ್ದಾಳೆ.

ಸುಟ್ಟಿರಲಿಲ್ಲ. ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಮೊಬೈಲನ್ನು ತಂತಿಯಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದರ ಇಂಟರ್ನೆಟ್ಟನ್ನೇ ಎರವಲು ಪಡೆದು ಓದಿದಳು, ಇದೇನೇ, ಒಂದರ ರಕ್ತ ಇನ್ನೊಂದಕ್ಕೆ ಏರಿಸ್ತಾ ಇದೀಯಾ ಅಂದರು ಅತ್ತೆ, ಹಾಗೇ ಅಂದ್ಕೊಳ್ಳಿ ಅತ್ತೆ. ಲಿನಕ್ಸಿನ ಒಡಲಿಗೆ ಕರ್ನೆಲ್ ಅನ್ನುತ್ತಾರೆ, ವೈಫೈ ನಡೆಸುವ ಡ್ರೈವರನ್ನು ಕಂಪ್ಯೂಟರಣ್ಣ ಹಳೆಯ ಕರ್ನೆಲ್ಲಿನ ಅಳತೆಗೆ ಹೊಲಿದಿದ್ದ, ಹೊಸ ಆವೃತ್ತಿಯೊಡನೆ ಹೊಸ ಕರ್ನೆಲ್ ಬಂದಾಗ ಮತ್ತೆ ಹೊಲಿಯಬೇಕೆಂಬುದು ಅವನಿಗೇ ಗೊತ್ತಿಲ್ಲ, ಅಂಗಿ ಬಿಗಿಯಾದರೆ ಮಗುವೇ ಕೆಟ್ಟಿದೆ ಅನ್ನುವ ಮಹಾಶಯ! ಲ್ಯಾಪ್‌ಟಾಪು ಶುರುವಾಗುವಾಗ ಎಸ್ಕೇಪ್ ಗುಂಡಿ ಒತ್ತಿ ಹಳೆಯ ಕರ್ನೆಲ್ ಆರಿಸಿದರೆ ಆಯಿತು, ಆರಿಸಿದಳು, ವೈಫೈ ಬಂತು, ಕಣ್ಣಲ್ಲಿ ನೀರೂ ಬಂತು, ನೀರು ಆರಿದ ಮೇಲೆ ಹಲ್ಲು ಕಚ್ಚಿಕೊಂಡಳು. ಎಲ್ಲರೆದುರು ತೆರೆದು ತೋರಿಸಬೇಕು, ಸುಟ್ಟ ಕಾರ್ಡು ಹೇಗೆ ಉಸಿರಾಡ್ತಿದೆ ಹೇಳಿ ಸಾರ್, ಬಸ್ಸಿನ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದರೆ — ಕಚೇರಿಗೆ ಕಚೇರಿಯೇ ಸಪ್ಪೆ, ಶನಿವಾರ ಸಂಜೆ ಅವನೇ ಕೈಯಾರೆ ಎಲ್ಲರ ಲ್ಯಾಪ್‌ಟಾಪಿಗೂ ಅದೇ ಹೊಸ ಆವೃತ್ತಿ ಹಾಕಿದ್ದಾನೆ, ಈಗ ಯಾರಿಗೂ ವೈಫೈ ಇಲ್ಲ. ಎಲ್ಲರ ಕಾರ್ಡೂ ಒಟ್ಟಿಗೇ ಸುಟ್ಟೋಯ್ತೇನಪ್ಪಾ, ಯಜಮಾನರ ದನಿ ಮೆಲ್ಲಗಿದೆ, ಅವರ ದನಿ ಮೆಲ್ಲಗಾದರೆ ಯಾರದೋ ಕೆಲಸ ಹೋಗುತ್ತದೆ, ಸಾಯಂಕಾಲ ಕಾದಂಬರಿಯವರು ಬರ್ತಾರೆ, ಅಷ್ಟರಲ್ಲಿ ಸರಿಹೋಗದಿದ್ರೆ ನೀನು ಬೇರೆ ಕಡೆ ನೋಡ್ಕೋ.

ಒಂದು ಗುಂಡಿ, ಒಂದು ಮಾತು, ಹೇಳಿದರೆ ಕಾದಂಬರಿ ಅವಳ ಮೇಜಿಗೆ ಬಂದೀತು, ಭೇಷ್ ಅಂದಾರು, ಆದರೆ ಅವನೂ ಉಳಿಯುತ್ತಾನೆ, ನಾನೇ ಹೇಳಿಕೊಟ್ಟಿದ್ದು ಅನ್ನುತ್ತಾನೆ, ನಾಳೆ ಮತ್ತೆ ಹಿಂದಿನಿಂದ ಬಗ್ಗುತ್ತಾನೆ, ಮತ್ತೆ ಆ ಉಸಿರು, ಕತ್ತಿನ ಹಿಂಬದಿ. ಹಳೇ ಕರ್ನೆಲ್ಲೇ ಅಡ್ಡ ಬರ್ತಿರಬೇಕು ಸಾರ್, ಎಲ್ಲದರಲ್ಲೂ ತೆಗೆದುಬಿಡ್ತೀನಿ ಅಂದ ಅವನು — ಅಯ್ಯೋ ಮೂರ್ಖ, ಇರುವ ಒಂದೇ ಬಾಗಿಲನ್ನು ಇಟ್ಟಿಗೆಯಿಟ್ಟು ಮುಚ್ಚುತ್ತಿದ್ದಾನೆ, ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತು, ಆಗ ಅವನು, ತಿರುಗದೆಯೇ, ಮೇಡಂ, ನಿಮಗೂ ಹಿಂಗೇ ಆಗಿತ್ತಲ್ಲ, ಆವತ್ತು ಏನು ಒತ್ತಿದ್ರಿ? ಏನೇನೋ ಒತ್ತಿದೆ ಸಾರ್, ನಂಗೇನು ಗೊತ್ತು, ಪೆನ್ನು ಕಾಗದದವಳು. ಯಾರೂ ನಗಲಿಲ್ಲ. ಅವನು ಎಂಟರ್ ಒತ್ತಿದ. ಬ್ಯಾಗಿನೊಳಗೆ ಅವಳ ಲ್ಯಾಪ್‌ಟಾಪು, ಹಳೆಯ ಕರ್ನೆಲ್ ಉಳಿಯುವುದು ಇನ್ನು ಅದೊಂದರಲ್ಲೇ, ಜಿಪ್ಪು ಎಳೆದಳು, ಯಜಮಾನರಿಗಿಲ್ಲ, ಅತ್ತೆಗೂ ಇಲ್ಲ, ಯಾರಿಗೂ ಹೇಳುವುದಿಲ್ಲ, ಬಾಯಿಬಿಟ್ಟರೆ ಬಣ್ಣಗೇಡು, ನಿಂತು ನೋಡುತ್ತಾಳೆ ಅಷ್ಟೇ, ಕಾಲರಿನ ಮೇಲೆ ಕೆಂಪಗಾಗುತ್ತಿರುವ ಅವನ ಕತ್ತಿನ ಹಿಂಬದಿ, ಕೂದಲ ಬುಡದಿಂದ ಇಳಿದ ಒಂದು ಬೆವರ ಹನಿ, ಒರೆಸಿಕೊಳ್ಳಲು ಅವನಿಗೆ ಕೈ ಬಿಡುವಿಲ್ಲ, ಕತ್ತಿನ ಹಿಂಬದಿ, ಹನಿ, ಕತ್ತಿನ ಹಿಂಬದಿ —