ಅಣ್ಣನ ಕೈಗೆ ತಕ್ಕ ವೇಗ

ಕೇದಾರನನ್ನು ಹೊಗಳದ ಬಾಯಿ ಧಾರವಾಡದ ಮಾಳಮಡ್ಡಿಯಲ್ಲಿ ಇರಲಿಲ್ಲ. ಲಕ್ವಾ ಹೊಡೆದ ಅಣ್ಣನನ್ನು ಹುಬ್ಬಳ್ಳಿ ವಿದ್ಯಾನಗರದ ಆಸ್ಪತ್ರೆಗೆ ಒಯ್ದವನು ಅವನು, ದಿನಾ ಅಲ್ಲಿಗೆ ಊಟದ ಡಬ್ಬಿ ಹೊತ್ತವನೂ ಅವನೇ. ಇದ್ದರೆ ಇಂಥ ತಮ್ಮನಿರಬೇಕು ಎಂದು ಜನ ಮಕ್ಕಳಿಗೆ ಹೇಳಿದರು. ಜನಕ್ಕೇನು, ಡಬ್ಬಿ ಕಾಣುತ್ತದೆ, ಹೊತ್ತವನ ಹೊಟ್ಟೆಕಿಚ್ಚು ಕಾಣುವುದಿಲ್ಲ.

ಅಣ್ಣ ಸೌರಭ ತಬಲಾ ನುಡಿಸುವವನು. ಸಣ್ಣವರಿದ್ದಾಗ ಇಬ್ಬರನ್ನೂ ಗುರುಗಳ ಮುಂದೆ ಕೂಡಿಸಿದ್ದರು. ಗುರುಗಳು ಸೌರಭನನ್ನು ಇಟ್ಟುಕೊಂಡು, ಕೇದಾರನಿಗೆ ಲಯವೇ ಇಲ್ಲವೆಂದು ಮನೆಗೆ ಕಳಿಸಿದರು. ಕೇದಾರ ಮುಂದೆ ಕೋಚಿಂಗ್ ಕ್ಲಾಸು ತೆಗೆದು ಚೆನ್ನಾಗಿಯೇ ಬದುಕಿದ. ಆದರೂ ಆ ಮಾತು ಅವನಿಗೆ ಇನ್ನೂ ಅರಗಿರಲಿಲ್ಲ.

ಲಕ್ವಾದಿಂದ ಸೋತ ಬಲಗೈ ಬೆರಳುಗಳಿಗೆ ವ್ಯಾಯಾಮ ಬೇಕು ಎಂದರು ಡಾಕ್ಟರು. ರಬ್ಬರ್ ಚೆಂಡು ಹಿಚುಕಿ ಹಿಚುಕಿ ಸೌರಭನಿಗೆ ಬೇಸರ ಬಂತು. ಆಗ ಕೇದಾರ ಅವನ ಫೋನಿಗೆ ಎಮ್ಯುಲೇಟರ್ ಹಾಕಿಕೊಟ್ಟ. ಹಳೆಯ ಟಿವಿ ಗೇಮಿನ ಕ್ಯಾಸೆಟ್ಟುಗಳಲ್ಲಿದ್ದ ಆಟಗಳನ್ನು ಫೋನಿನಲ್ಲೇ ಆಡಿಸುವ ಆಪ್ ಅದು. ಶಾಲೆಯ ಸೂಟಿಯಲ್ಲಿ ಅಣ್ಣತಮ್ಮಂದಿರು ಕಚ್ಚಾಡಿ ಆಡಿದ ಆಟವೂ ಸಿಕ್ಕಿತು. ಕುಳ್ಳ ಸಿಪಾಯಿಯೊಬ್ಬ ಗುಂಡಿಗಳನ್ನು ಹಾರುತ್ತ ಓಡಬೇಕು, ಅಷ್ಟೇ. ಸೌರಭ ಫೋನನ್ನು ಜಮಖಾನದ ಮೇಲಿಟ್ಟು ತಬಲಾದ ಹಾಗೆ ಬೆರಳುಗಳಿಂದ ಬಡಿದ. ಸಿಪಾಯಿ ಮೊದಲನೇ ಗುಂಡಿಗೇ ಬಿದ್ದು ಸತ್ತ. ಮತ್ತೆ ಸತ್ತ. ಸೌರಭನ ಕಣ್ಣಲ್ಲಿ ನೀರು ಬಂತು.

ಕೇದಾರನಿಗೆ ನಿಜವಾಗಿಯೂ ಸಂಕಟವಾಯಿತು. ಅಣ್ಣ ಮುಖ ತೊಳೆಯಲು ಎದ್ದಾಗ ಸೆಟ್ಟಿಂಗಿಗೆ ಹೋಗಿ ಆಟದ ವೇಗವನ್ನು ನೂರರಿಂದ ಅರವತ್ತಕ್ಕೆ ಇಳಿಸಿದ. ವೇಗ ಇಳಿದರೆ ಆಟದ ಸಂಗೀತವೂ ಎಳೆಯುತ್ತದೆ, ಅಣ್ಣನ ಕಿವಿ ಅದನ್ನು ಬಿಡುವುದಿಲ್ಲ. ಹಾಗಾಗಿ ಸೌಂಡನ್ನೂ ತೆಗೆದ.

“ಇದರಾಗ ಸೌಂಡ್ ಬರೂದಿಲ್ಲ ಅಣ್ಣಾ, ಹಳೇ ಫೈಲ್ ಅದ,” ಎಂದ.

ಅಂದಿನಿಂದ ಸಿಪಾಯಿ ಗುಂಡಿ ಹಾರತೊಡಗಿದ. ಕೂದಲೆಳೆಯಷ್ಟು ಲಯ ತಪ್ಪಿದರೂ ಹುಬ್ಬು ಗಂಟಿಕ್ಕುವ ಮನುಷ್ಯ, ಕಣ್ಣಿನಿಂದ ವೇಗ ಅಳೆದು ಮೋಸಹೋದ. ಕೊನೆಯ ಕೋಟೆಯನ್ನೂ ಗೆದ್ದ ಸಂಜೆ ಹೆಂಡತಿ ಮೈತ್ರೇಯಿಯನ್ನು ಕರೆದು ತೋರಿಸಿದ.

“ಕೈ ತಿರುಗಿ ಬಂತು ನೋಡು. ಪುಣ್ಯತಿಥಿಗೆ ನಾನs ಕೂಡ್ತೇನಿ.”

ಗುರುಗಳ ಪುಣ್ಯತಿಥಿಗೆ ಹಿರಿಯ ಗಾಯಕಿ ತಾರಾಬಾಯಿಯವರು ಹಾಡಬೇಕು, ಹಿರಿಯ ಶಿಷ್ಯ ತಬಲಾಕ್ಕೆ ಕೂಡಬೇಕು. ಅದು ಅವರಲ್ಲಿ ನಡೆದುಬಂದ ಪದ್ಧತಿ. ಈ ವರ್ಷ ಸೌರಭ ತನ್ನ ಶಿಷ್ಯೆ ಭಾಗ್ಯಶ್ರೀಗೆ ಆ ಜಾಗ ಬಿಟ್ಟುಕೊಟ್ಟಿದ್ದ. ಈಗ ಅವಳಿಗೆ ಫೋನು ಮಾಡಿ, ಮುಂದಿನ ವರ್ಷ ನೋಡೋಣ ಎಂದ.

ಕೇದಾರ ಅಲ್ಲೇ ಚಹಾ ಕುಡಿಯುತ್ತ ಕೂತಿದ್ದ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ.

“ಕೂಡು ಅಣ್ಣಾ. ನೀ ಇಲ್ಲದ ಸ್ಟೇಜಿಗೆ ಏನು ಶೋಭಾ ಅದ?”

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿತ್ತು ಮಾತು.

“ಮನ್ಯಾಗ ಒಮ್ಮೆ ನುಡಿಸಿ ನೋಡ್ರಿ,” ಎಂದಳು ಮೈತ್ರೇಯಿ. ಸೌರಭ ನಿಧಾನದ ವಿಲಂಬಿತ ಲಯದಲ್ಲಿ ನುಡಿಸಿದ, ಸರಿಯಾಗಿಯೇ ಬಂತು. ವೇಗದ ದ್ರುತಕ್ಕೆ ಹೋಗಲಿಲ್ಲ. ಕೋಟೆ ಗೆದ್ದ ಬೆರಳಿಗೆ ಇನ್ನೆಂಥ ಪರೀಕ್ಷೆ ಎಂದ. ಪರೀಕ್ಷೆಗೆ ಹೆದರುವವರೆಲ್ಲ ಹಾಗೇ ಅನ್ನುತ್ತಾರೆ.

ಪುಣ್ಯತಿಥಿಯ ಸಭೆ ತುಂಬಿತ್ತು. ಹಾಡು ವಿಲಂಬಿತ ದಾಟಿ ದ್ರುತಕ್ಕೆ ಬಂದೊಡನೆ ಸೌರಭನ ತೋರುಬೆರಳು ಹಿಂದೆ ಬಿತ್ತು. ತಾರಾಬಾಯಿಯವರು ತಿರುಗಿ ನೋಡದೆ ಲಯ ಇಳಿಸಿದರು. ಯಾಕೆ ಇಳಿಸಿದರೆಂದು ಸಭೆಗೆ ಗೊತ್ತಾಯಿತು. ಧಾರವಾಡದಲ್ಲಿ ಚಪ್ಪಲಿ ಕಾಯುವವನಿಗೂ ಅಷ್ಟು ಗೊತ್ತಾಗುತ್ತದೆ. ಬೆರಳು ಮತ್ತೆ ತಪ್ಪಿತು. ಅವರು ಹಾಡು ನಿಲ್ಲಿಸಿದರು.

“ಸೌರಭ, ಕೈಗೆ ತ್ರಾಸ ಕೊಡಬ್ಯಾಡಪ್ಪ. ಭಾಗ್ಯಶ್ರೀ, ಬಾ ಇಲ್ಲೆ,” ಎಂದರು, ಮೈಕಿನಲ್ಲೇ.

ಸೌರಭ ಎದ್ದು ಜಾಗ ಬಿಟ್ಟ. ಮುಂದಿನ ಸಾಲಿನಲ್ಲಿದ್ದ ಕೇದಾರ ಅಣ್ಣನ ಮುಖವನ್ನೇ ನೋಡುತ್ತಿದ್ದ. ಅವನಿಗೆ ಹಿತವಾಯಿತು. ಹಿತವಾದದ್ದಕ್ಕೆ ಒಂದಿಷ್ಟು ಹೇಸಿಗೆಯೂ ಆಯಿತು, ಆದರೆ ಹಿತವೇ ಹೆಚ್ಚಿತ್ತು.

ಮರುದಿನ ಸೌರಭ ಫೋನು ಹಿಡಿದು ಕೂತ. ಇಲ್ಲಿ ಓಡುವ ಬೆರಳು ಅಲ್ಲೇಕೆ ಓಡಲಿಲ್ಲ ಎಂದು ತಿಳಿಯದೆ ಸೆಟ್ಟಿಂಗನ್ನೆಲ್ಲ ತಡಕಾಡಿದ. ಎಲ್ಲಿಯೋ ಕೈ ತಾಗಿ ಸೌಂಡ್ ಬಂತು. ಬಾಲ್ಯದ ಸೂಟಿಗಳಲ್ಲಿ ಕೇಳಿದ್ದ ಅದೇ ಧಾಟಿ, ಆದರೆ ಮುದುಕರು ಮೆಟ್ಟಿಲು ಹತ್ತಿದ ಹಾಗೆ ಎಳೆದೆಳೆದು ಬರುತ್ತಿತ್ತು. ಅವನಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ತಮ್ಮನನ್ನು ಕರೆದ.

“ಸ್ಪೀಡ್ ಎಷ್ಟಕ್ಕ ಇಟ್ಟೀದಿ?”

“ಅರವತ್ತಕ್ಕ. ಮೊದಲನೇ ದಿವಸನs ಇಟ್ಟೆ. ನಿನ್ನ ಕಣ್ಣಾಗ ನೀರು ಬಂದಿದ್ವು.”

“ಸ್ಟೇಜಿಗೆ ಕೂಡ್ತೇನಿ ಅಂದಾಗ ಯಾಕ ಹೇಳಲಿಲ್ಲ?”

ಕೇದಾರ ಸುಳ್ಳು ಹುಡುಕಿದ. ಕೈಗೆ ಸಿಗಲಿಲ್ಲ.

“ನೀ ತಪ್ಪೂದನ್ನ ಒಮ್ಮೆ ನೋಡಬೇಕನ್ನಿಸ್ತು,” ಎಂದ.

ಅಡಿಗೆಮನೆಯ ಬಾಗಿಲಲ್ಲಿ ನಿಂತ ಮೈತ್ರೇಯಿ, ಗಂಡ ಅವನ ಕಪಾಳಕ್ಕೆ ಹೊಡೆಯಲಿ ಎಂದು ಕಾದಳು. ಸೌರಭ ಹೊಡೆಯಲಿಲ್ಲ. ತಾನೇ ವೇಗವನ್ನು ನೂರಕ್ಕೇರಿಸಿ ಆಡಲು ಕೂತ. ಸಿಪಾಯಿ ಮೊದಲ ಗುಂಡಿಗೆ ಬಿದ್ದ. ಮತ್ತೆ ಬಿದ್ದ. ಕುಕ್ಕರ್ ಕೂಗಿ ಇಳಿದರೂ ಸಿಪಾಯಿ ಅದೇ ಗುಂಡಿಯಲ್ಲಿದ್ದ. ಕೇದಾರ ಅಲ್ಲಿಂದ ಕದಲಲಿಲ್ಲ.

ಕೊನೆಗೆ ಸೌರಭ ತಲೆ ಎತ್ತದೆ ಫೋನನ್ನು ಅವನ ಕಡೆ ಚಾಚಿದ.

“ಮೊದಲಿನಂಗ ಮಾಡಿ ಕೊಡೋ.”

ಕೇದಾರ ಫೋನು ಇಸಿದುಕೊಂಡು ಪರದೆಯ ಮೇಲೆ ಬೆರಳು ಸರಿಸಿದ.

“ಐವತ್ತಕ್ಕ ಇಡ್ತೇನಿ ಅಣ್ಣಾ,” ಎಂದ. “ಅರವತ್ತು ಇನ್ನ ನಿನ್ನ ಕೈಲೆ ಆಗೂದಿಲ್ಲ.”

ಸೌರಭ ಬೇಡವೆನ್ನಲಿಲ್ಲ.